ಬಿಸಿಲು ಒಂದೇ, ಮೈ ಬೇರೆ ಬೇರೆ



ರಾಯಚೂರು ಸೀಮೆಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಜಿಲ್ಲೆಗಳಿಂದ ವರ್ಗವಾಗಿ ಬಂದ ನೌಕರರು ನಗೆಯಾಡುವುದುಂಟು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜನ ಆ ಮಾತಿಗೆ ತಾವೂ ನಕ್ಕು, ತಲೆಗೆ ಟವೆಲ್ ಸುತ್ತಿಕೊಂಡು ಹೊಲಕ್ಕೆ ಹೊರಡುತ್ತಾರೆ. "ನಾವು ಕರೀ ಮಂದಿ, ಬಿಸಲು ನಮಗೇನು ಮಾಡ್ತದ?" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಇದು ಅರ್ಧ ಸತ್ಯ. ಉಳಿದ ಅರ್ಧವನ್ನು ಇಂದು ವಿಚಾರಿಸೋಣ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಗಂಡಸರಿಗೆ ಹೆಚ್ಚೋ ಹೆಂಗಸರಿಗೆ ಹೆಚ್ಚೋ, ಹೆಚ್ಚಾದರೆ ಅದಕ್ಕೆ ಕಾರಣ ಹುಟ್ಟಿನಿಂದ ಬಂದ ದೇಹವೋ ಅಥವಾ ನಾವು ಹಂಚಿಕೊಂಡಿರುವ ಕೆಲಸವೋ ಎಂಬ ಪ್ರಶ್ನೆಯನ್ನೂ ಜೊತೆಗೇ ಇಟ್ಟುಕೊಳ್ಳೋಣ. ಓದುವ ಮಕ್ಕಳು ಈ ಪ್ರಶ್ನೆ ಕೇಳುತ್ತಾರೆ. ಉತ್ತರ ಹುಡುಕುತ್ತಾ ಹೋದರೆ ಅದು ನಮ್ಮ ಊರಿನ ಬಂಡೆಯವರೆಗೂ ಬಾವಿಯವರೆಗೂ ಕರೆದೊಯ್ಯುತ್ತದೆ.

ಮೊದಲು ನಿಜವಿರುವ ಅರ್ಧವನ್ನು ಒಪ್ಪಿಕೊಳ್ಳೋಣ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಇವು ಚರ್ಮದ ಜೀವಕೋಶಗಳೊಳಗಿನ ಡಿ.ಎನ್.ಎ.ಗೆ ಪೆಟ್ಟು ಕೊಡುತ್ತವೆ. ದೇಹವು ಆ ಪೆಟ್ಟನ್ನು ದಿನದಿನವೂ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಪೆಟ್ಟು ಬೀಳುತ್ತಲೇ ಹೋದರೆ ಎಲ್ಲೋ ಒಂದು ಕಡೆ ರಿಪೇರಿ ತಪ್ಪುತ್ತದೆ, ಆ ಕೋಶ ಹದ್ದುಮೀರಿ ಬೆಳೆಯತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1992ರಲ್ಲಿಯೇ ಸೂರ್ಯನ ಕಿರಣವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಅಮೆರಿಕದಲ್ಲಿ 1979ರಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ, ಚರ್ಮವನ್ನು ಸುಡುವ ಬಗೆಯ ಕಿರಣದಲ್ಲಿ ಬಿಳಿಯರ ಹೊರಚರ್ಮವನ್ನು ದಾಟಿ ಒಳಹೋಗುವುದು ಶೇಕಡಾ 24ರಷ್ಟಾದರೆ, ಕರಿಯರ ಹೊರಚರ್ಮವನ್ನು ದಾಟುವುದು ಶೇಕಡಾ 7ರಷ್ಟು ಮಾತ್ರ. ಹುಟ್ಟುವಾಗಲೇ ಕೊಟ್ಟು ಕಳಿಸಿದ ಕೊಡೆ ಇದು. ಈ ಬಣ್ಣವನ್ನು ತಿಕ್ಕಿ ತೆಗೆಯಲು ನಾವು ದುಡ್ಡು ಖರ್ಚು ಮಾಡುತ್ತೇವೆ, ಆ ಮಾತು ಮುಂದೆ ಬರುತ್ತದೆ.

ಹೀಗಾಗಿ ಆಸ್ಟ್ರೇಲಿಯಾದಂಥ ದೇಶದಲ್ಲಿ ಚರ್ಮದ ಕ್ಯಾನ್ಸರ್ ಮನೆಮಾತಾಗಿದ್ದರೆ, ನಮ್ಮ ದೇಶದಲ್ಲಿ ಅದು ವಿರಳ. ನಮ್ಮಲ್ಲಿ ಗಂಡಸರನ್ನು ಹೆಚ್ಚಾಗಿ ಕಾಡುವುದು ಬಾಯಿಯ ಕ್ಯಾನ್ಸರ್, ಹೆಂಗಸರನ್ನು ಕಾಡುವುದು ಸ್ತನದ ಮತ್ತು ಗರ್ಭಕೊರಳಿನ ಕ್ಯಾನ್ಸರ್. ಗುಟ್ಕಾ ಜಗಿಯುತ್ತಾ ಬಿಸಿಲಿಗೆ ಹೆದರುವುದರಲ್ಲಿ ಅರ್ಥವಿಲ್ಲ. ಆದರೆ ವಿರಳ ಎಂದರೆ ಇಲ್ಲ ಎಂದಲ್ಲ. ವಿರಳವಾದ ರೋಗದ ತೊಂದರೆಯೇ ಇದು, ಯಾರೂ ಅದನ್ನು ನಿರೀಕ್ಷಿಸುವುದಿಲ್ಲ. ಆದ್ದರಿಂದ ಅದು ದೊಡ್ಡದಾಗುವವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಗಂಡು ಹೆಣ್ಣಿನ ಪ್ರಶ್ನೆಗೆ ಬರೋಣ. ಬಿಳಿಯರ ದೇಶಗಳ ಲೆಕ್ಕ ಸ್ಪಷ್ಟವಾಗಿದೆ. ಅಲ್ಲಿ ಬೇಸಲ್ ಸೆಲ್ ಮತ್ತು ಸ್ಕ್ವಾಮಸ್ ಸೆಲ್ ಎಂಬ ಎರಡು ಸಾಮಾನ್ಯ ಬಗೆಯ ಚರ್ಮದ ಕ್ಯಾನ್ಸರ್ ಗಂಡಸರಲ್ಲೇ ಹೆಚ್ಚು. ಮೂರನೆಯದಾದ ಮೆಲನೋಮ ಎಲ್ಲಕ್ಕಿಂತ ಅಪಾಯಕಾರಿ. ಅಮೆರಿಕದಂಥ ದೇಶಗಳಲ್ಲಿ ಐವತ್ತರ ಒಳಗಿನ ವಯಸ್ಸಿನಲ್ಲಿ ಅದು ಹೆಂಗಸರಿಗೆ ತುಸು ಹೆಚ್ಚು, ಐವತ್ತು ದಾಟಿದ ಮೇಲೆ ಗಂಡಸರಿಗೆ ಬಹಳ ಹೆಚ್ಚು. ಗಂಡಸರಿಗೆ ಅದು ಹೆಚ್ಚಾಗಿ ಬೆನ್ನು ಎದೆಯ ಮೇಲೆ, ಹೆಂಗಸರಿಗೆ ಕಾಲಿನ ಮೇಲೆ ಕಾಣಿಸಿಕೊಳ್ಳುತ್ತದೆ. ಅಂಗಿ ತೆಗೆದು ದುಡಿಯುವ ಗಂಡಸು, ಮೊಳಕಾಲು ಕಾಣುವ ಉಡುಗೆಯ ಹೆಂಗಸು ಎಂದುಕೊಂಡರೆ ಇದರ ಅರ್ಥ ಅರ್ಧ ತಿಳಿದಂತೆಯೇ.

ಅರ್ಧ ಎಂದೆ. ಸೆಮಿನರಿಯಲ್ಲಿ ತತ್ವಶಾಸ್ತ್ರ ಕಲಿಸುವಾಗ ಮೊದಲು ರೂಢಿ ಮಾಡಿಸುವುದು ವಿಂಗಡಿಸುವುದನ್ನು. ಒಂದು ವಸ್ತುವಿನ ಸ್ವಭಾವದಿಂದ ಬಂದದ್ದು ಯಾವುದು, ಸಂದರ್ಭದಿಂದ ಅಂಟಿಕೊಂಡದ್ದು ಯಾವುದು ಎಂದು ಬೇರೆ ಬೇರೆ ಮಾಡದೆ ಕಾರಣ ಹೇಳಬಾರದು ಎಂಬುದು ಅಲ್ಲಿನ ಶಿಸ್ತು. ಗಂಡಸು ಹೆಚ್ಚು ಹೊತ್ತು ಬಿಸಿಲಲ್ಲಿರುತ್ತಾನೆ, ಟೋಪಿ ಹಾಕುವುದಿಲ್ಲ, ಮೈಮೇಲಿನ ಹುಣ್ಣನ್ನು ಡಾಕ್ಟರಿಗೆ ತೋರಿಸುವುದಿಲ್ಲ. ಇವೆಲ್ಲ ನಡತೆಯ ಮಾತು. ಇವನ್ನೆಲ್ಲ ಕಳೆದು, ಇಬ್ಬರಿಗೂ ಸಮಪ್ರಮಾಣದ ಕಿರಣ ಬಿದ್ದರೆ ಏನಾಗುತ್ತದೆ? ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡಲಾಗದು. ಇಲಿಗಳ ಮೇಲೆ ಮಾಡಿದ್ದಾರೆ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಿಲಿ ಹೆಣ್ಣಿಲಿಗಳಿಗೆ ಒಂದೇ ಅಳತೆಯ ನೇರಳಾತೀತ ಕಿರಣ ಕೊಟ್ಟರು. ಗಂಡಿಲಿಗಳಿಗೆ ಗಡ್ಡೆಗಳು ಬೇಗನೆ ಬಂದವು, ಹೆಚ್ಚು ಬಂದವು, ದೊಡ್ಡದಾಗಿಯೂ ಬೆಳೆದವು. ಹೆಣ್ಣಿಲಿಗಳ ಚರ್ಮದಲ್ಲಿ ಉರಿ ಊತ ಹೆಚ್ಚಾಗಿ ಕಂಡರೂ, ಡಿ.ಎನ್.ಎ.ಗೆ ಆದ ಹಾನಿ ಗಂಡಿಲಿಗಳಲ್ಲೇ ಜಾಸ್ತಿ ಇತ್ತು. ಹಾನಿ ತಡೆಯುವ ರಕ್ಷಕ ಪದಾರ್ಥಗಳು ಗಂಡಿನ ಚರ್ಮದಲ್ಲಿ ಕಡಿಮೆ ಎಂಬುದು ಅವರು ಕಂಡುಕೊಂಡ ಒಂದು ಕಾರಣ. ಗಂಡಸಿನ ಚರ್ಮ ಹೆಂಗಸಿನದಕ್ಕಿಂತ ದಪ್ಪ ಎಂಬುದು ನಿಜ. ದಪ್ಪ ಚರ್ಮ ಎಂದರೆ ಗಟ್ಟಿ ಚರ್ಮ ಎಂದುಕೊಳ್ಳುವ ಹಾಗಿಲ್ಲ. ಮೆಲನೋಮ ಬಂದವರಲ್ಲೂ ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆಂದು ಯೂರೋಪಿನ ಅಧ್ಯಯನಗಳು ತೋರಿಸಿವೆ. ಬೇಗ ತೋರಿಸಿಕೊಳ್ಳುವುದೊಂದೇ ಇದಕ್ಕೆ ಕಾರಣವಲ್ಲ, ದೇಹದ ರೋಗನಿರೋಧಕ ಶಕ್ತಿಯಲ್ಲೂ ಭೇದವಿರಬೇಕು ಎಂಬುದು ಅನೇಕ ತಜ್ಞರ ಅಭಿಪ್ರಾಯ.

ಹಾಗಾದರೆ ನಮ್ಮ ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಇರಬಹುದೇ? ಅವಸರ ಬೇಡ. ಭಾರತದ ಕೆಲವು ಆಸ್ಪತ್ರೆಗಳ ವರದಿಗಳಲ್ಲಿ ಮುಖದ ಮೇಲೆ ನಿಧಾನವಾಗಿ ಬೆಳೆಯುವ ಬೇಸಲ್ ಸೆಲ್ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಕಂಡಿದೆ. ಅಂದರೆ ಬಿಳಿಯರ ದೇಶದ ಲೆಕ್ಕವನ್ನು ಹಾಗೆಯೇ ತಂದು ನಮ್ಮ ಮೇಲೆ ಹೊದಿಸಲಾಗದು. ನಮ್ಮ ಹೊಲದಲ್ಲಿ ಯಾರು ಯಾವಾಗ ನಿಂತಿರುತ್ತಾರೆ ಎಂದು ನೋಡಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ನೆಲ್ಲು ಹಚ್ಚುವವರು ಯಾರು? ಹೆಂಗಸರು. ಮೊಳಕಾಲುದ್ದ ನೀರಿನಲ್ಲಿ ಬೆನ್ನು ಬಾಗಿಸಿ, ಮೇಲಿನಿಂದ ಬೀಳುವ ಬಿಸಿಲಿಗೆ ಕುತ್ತಿಗೆ ಒಡ್ಡಿ, ನೀರಿನಿಂದ ಹಿಂದಕ್ಕೆ ಹೊಡೆಯುವ ಝಳಕ್ಕೆ ಮುಖ ಒಡ್ಡಿ ಸಂಜೆಯವರೆಗೆ ನಿಂತಿರುತ್ತಾರೆ. ಲಿಂಗಸುಗೂರು ಮಸ್ಕಿಯ ಎರೆಹೊಲದಲ್ಲಿ ಹತ್ತಿ ಬಿಡಿಸುವವರು, ಮೆಣಸಿನಕಾಯಿ ಬಿಡಿಸುವವರು, ಕಳೆ ತೆಗೆಯುವವರು ಕೂಡ ಬಹುಪಾಲು ಅವರೇ. ಪವಿತ್ರ ಬೈಬಲಿನ ಪರಮಗೀತೆಯನ್ನು ಬಲ್ಲವರಿಗೆ ಮೊದಲ ಅಧ್ಯಾಯದಲ್ಲೇ ಬರುವ ಒಬ್ಬ ಹೆಣ್ಣುಮಗಳ ನೆನಪಾಗಬಹುದು. ಅಣ್ಣತಮ್ಮಂದಿರು ಸಿಟ್ಟಿನಿಂದ ಅವಳನ್ನು ದ್ರಾಕ್ಷಿತೋಟ ಕಾಯಲು ಕಳಿಸಿದ್ದರು. ಬಿಸಿಲಿಗೆ ಅವಳ ಮೈ ಕಪ್ಪಾಗಿತ್ತು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಹಾಡಿನಲ್ಲಿಯೂ ಬಿಸಿಲಿನ ಪಾಲು ಹಂಚುವವರು ಬೇರೆ, ಉಣ್ಣುವವರು ಬೇರೆ.

ಒಂದು ಮಾತು ನಮ್ಮ ಹೆಣ್ಣುಮಕ್ಕಳ ಪರವಾಗಿ ಹೇಳಲೇಬೇಕು. ಹತ್ತಿ ಬಿಡಿಸಲು ಹೋಗುವಾಗ ಅವರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಡುತ್ತಾರೆ, ತಲೆಗೂ ಕಿವಿಗೂ ಬಟ್ಟೆ ಸುತ್ತುತ್ತಾರೆ. ಹತ್ತಿಕಾಯಿಯ ಸಿಪ್ಪೆ ಗೀರಬಾರದು, ಸೀರೆ ಹರಿಯಬಾರದು ಎಂದು ಹುಟ್ಟಿದ ಈ ಉಪಾಯ ಬಿಸಿಲಿಗೂ ಒಳ್ಳೆಯ ಗುರಾಣಿ. ಪೇಟೆಯಲ್ಲಿ ಸಿಗುವ ನೂರಾರು ರೂಪಾಯಿಯ ಸನ್‌ಸ್ಕ್ರೀನ್ ಮುಲಾಮಿಗಿಂತ ಕೂಲಿಯವಳ ಆ ಹಳೇ ಅಂಗಿ ಮೇಲು. ಬನಿಯನ್ನಿನಲ್ಲೋ ಬರಿಮೈಯಲ್ಲೋ ಗಳೆ ಹೊಡೆಯುವ, ಟ್ರ್ಯಾಕ್ಟರ್ ನಡೆಸುವ ಗಂಡಸರು ಈ ಪಾಠವನ್ನು ಹೆಂಡತಿಯರಿಂದ ಕಲಿಯಬೇಕು.

ಇಷ್ಟರವರೆಗೆ ಬಿಸಿಲಿನ ಮಾತಾಯಿತು. ನಮ್ಮ ಸೀಮೆಯಲ್ಲಿ ಬಿಸಿಲಿನ ಜೊತೆಗೆ ಸೇರಬಹುದಾದ ಇನ್ನೊಂದು ವಸ್ತುವಿದೆ, ಅದು ನೆಲದೊಳಗಿದೆ. ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ.

ಮಸ್ಕಿ ಎಂದರೆ ನಾಡಿಗೆಲ್ಲ ನೆನಪಾಗುವುದು 1915ರಲ್ಲಿ ಪತ್ತೆಯಾದ, ಅಶೋಕನ ಹೆಸರೇ ಇರುವ ಶಿಲಾಶಾಸನ. ಹಟ್ಟಿ ಎಂದರೆ ನೆನಪಾಗುವುದು ಚಿನ್ನದ ಗಣಿ. ಭೂವಿಜ್ಞಾನಿಗಳು ಈ ಎರಡು ಊರುಗಳನ್ನು ಸೇರಿಸಿ 'ಹಟ್ಟಿ–ಮಸ್ಕಿ ಶಿಲಾಪಟ್ಟಿ' ಎಂದು ಹೆಸರಿಟ್ಟಿದ್ದಾರೆ. ಇಲ್ಲಿ ಚಿನ್ನ ಒಂಟಿಯಾಗಿ ಇರುವುದಿಲ್ಲ. ಅದರ ಜೊತೆಗೆ ಆರ್ಸೆನೋಪೈರೈಟ್ ಎಂಬ ಖನಿಜವೂ ಇರುತ್ತದೆ. ಅದರಲ್ಲಿರುವುದು ಆರ್ಸೆನಿಕ್, ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದ ವಿಷದ ಮೂಲಧಾತು. ಇಂಥ ಶಿಲೆಯಿಂದ ಆರ್ಸೆನಿಕ್ ಕೆಲವೆಡೆ ಅಂತರ್ಜಲಕ್ಕೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಕೃಷ್ಣೆಯ ಆಚೆ ದಡದ ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಊರಿದೆ. ಕರಾವಳಿಯ ಮಂಗಳೂರಲ್ಲ, ನಮ್ಮ ನೆರೆಯ ಯಾದಗಿರಿ ಜಿಲ್ಲೆಯದು. ಅಲ್ಲೂ ಇಂಥದೇ ಶಿಲಾಪಟ್ಟಿ, ಅಲ್ಲೂ ಹಿಂದೆ ಚಿನ್ನದ ಗಣಿ ಇತ್ತು. ಹತ್ತಿರದಲ್ಲೇ ಕಿರದಳ್ಳಿ ತಾಂಡಾ. ಅಲ್ಲಿನ ಪರಿಸ್ಥಿತಿಯನ್ನು ವಿಜ್ಞಾನಿಗಳು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. 59 ಕೊಳವೆಬಾವಿಗಳ ನೀರಿನಲ್ಲಿ ಶೇಕಡಾ 79ರಷ್ಟರಲ್ಲಿ ಆರ್ಸೆನಿಕ್ ಮಿತಿಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಲ್ಲಿ ಸಿಕ್ಕ ಗರಿಷ್ಠ ಪ್ರಮಾಣ 303. ಪರೀಕ್ಷೆಗೆ ಒಳಗಾದ 181 ಜನರಲ್ಲಿ ಶೇಕಡಾ 58.6ರಷ್ಟು ಮಂದಿಯ ಚರ್ಮದ ಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆಗಳು, ಅಂಗೈ ಅಂಗಾಲಿನಲ್ಲಿ ಒರಟು ಗಂಟುಗಳು, ಇವೇ ಆ ಗುರುತುಗಳು. ಈ ಗಂಟುಗಳಲ್ಲಿ ಕೆಲವು ವರ್ಷಗಳ ನಂತರ ಕ್ಯಾನ್ಸರಿಗೆ ತಿರುಗಬಲ್ಲವು.

ಇದರರ್ಥ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪ್ರತಿಯೊಂದು ಬೋರ್‌ವೆಲ್ಲಿನಲ್ಲೂ ವಿಷವಿದೆ ಎಂದಲ್ಲ. ಒಂದು ಬೋರಿನಲ್ಲಿ ಇದ್ದು, ನೂರು ಅಡಿ ಆಚೆಯ ಬೋರಿನಲ್ಲಿ ಇಲ್ಲದಿರಬಹುದು. ಪರೀಕ್ಷೆ ಮಾಡಿಸದೆ ತಿಳಿಯುವ ದಾರಿಯಿಲ್ಲ ಎಂಬುದಷ್ಟೇ ನನ್ನ ಮಾತು.

ಗಂಡು ಹೆಣ್ಣಿನ ಭೇದ ಇಲ್ಲಿಯೂ ಎದುರಾಗುತ್ತದೆ. ಪಶ್ಚಿಮ ಬಂಗಾಳದ ದಕ್ಷಿಣ 24 ಪರಗಣ ಜಿಲ್ಲೆಯಲ್ಲಿ 1995–96ರಲ್ಲಿ ವೈದ್ಯರ ತಂಡವೊಂದು 7,683 ಜನರನ್ನು ಪರೀಕ್ಷಿಸಿತು. ಕುಡಿದ ಆರ್ಸೆನಿಕ್‌ನ ಪ್ರಮಾಣವನ್ನು ಮೈತೂಕಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ, ಅಷ್ಟೇ ಪ್ರಮಾಣಕ್ಕೆ ಗಂಡಸರಲ್ಲಿ ಚರ್ಮದ ಗುರುತುಗಳು ಹೆಂಗಸರಿಗಿಂತ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚು ಕಂಡವು. ಬಾಂಗ್ಲಾದೇಶದ ಆರೈಹಜಾರ್ ಎಂಬಲ್ಲಿ 2000ದಲ್ಲಿ ಶುರುವಾದ ಅಧ್ಯಯನ ಇನ್ನೂ ದೊಡ್ಡದು, ಸುಮಾರು ಹನ್ನೆರಡು ಸಾವಿರ ಜನರದು. (ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿರುವ ಬಂಗಾಳಿ ಕುಟುಂಬಗಳ ಹಿರಿಯರು ಹುಟ್ಟಿ ಬೆಳೆದದ್ದು ಆ ದೇಶದಲ್ಲೇ.) ಅಲ್ಲಿನ ಗಂಡಸರಲ್ಲಿ ಒಂದು ವಿಶೇಷ ಕಂಡುಬಂತು. ಒಂದೇ ಪ್ರಮಾಣದ ಆರ್ಸೆನಿಕ್ ನೀರು ಕುಡಿದವರ ಪೈಕಿ, ಬಿಸಿಲಿನಲ್ಲಿ ಹೆಚ್ಚು ದುಡಿದವರಿಗೆ ಚರ್ಮದ ಗುರುತುಗಳು ಹೆಚ್ಚು. ತಂಬಾಕು ಸೇದುವವರಿಗೂ ಹಾಗೆಯೇ. ಬಿಸಿಲು ಮತ್ತು ನೀರಿನೊಳಗಿನ ವಿಷ ಒಂದಕ್ಕೊಂದು ಕೈಜೋಡಿಸುತ್ತವೆ. ನಮ್ಮ ಮೈಬಣ್ಣದಂಥದೇ ಮೈಬಣ್ಣದ, ನಮ್ಮಂತೆಯೇ ಭತ್ತ ಬೆಳೆಯುವ ಜನರ ಮಾತು ಇದು.

ಹೆಂಗಸರಿಗೆ ಏಕೆ ಕಡಿಮೆ? ಇಲ್ಲಿ ದೇಹಪ್ರಕೃತಿಯ ಪಾತ್ರವಿದೆ. ಒಳಹೋದ ಆರ್ಸೆನಿಕ್ಕನ್ನು ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ಬೇರೊಂದು ರೂಪಕ್ಕೆ ತಿರುಗಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಹೆರುವ ವಯಸ್ಸಿನ ಹೆಂಗಸರಲ್ಲಿ, ಅದರಲ್ಲೂ ಗರ್ಭಿಣಿಯರಲ್ಲಿ, ಈ ಕೆಲಸ ಗಂಡಸರಿಗಿಂತ ಚೆನ್ನಾಗಿ ನಡೆಯುತ್ತದೆಂದು ಕಂಡುಬಂದಿದೆ.

ಆದರೆ ಅದೇ ಬಂಗಾಳದ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ. ನಮ್ಮ ಮನೆಗಳು ಗಮನಿಸಬೇಕಾದದ್ದು ಅದನ್ನೇ. ಇರಬೇಕಾದ ಮೈತೂಕದ ಶೇಕಡಾ 80ಕ್ಕಿಂತ ಕಡಿಮೆ ಇದ್ದವರಲ್ಲಿ, ಅಂದರೆ ಹೊಟ್ಟೆತುಂಬ ಉಂಡು ಬೆಳೆಯದವರಲ್ಲಿ, ಅಂಗೈ ಅಂಗಾಲಿನ ಗಂಟುಗಳು 1.6 ಪಟ್ಟು ಹೆಚ್ಚು ಕಂಡವು. ವಿಷವನ್ನು ಹೊರಹಾಕಲು ಲಿವರಿಗೆ ಪ್ರೋಟೀನು ಬೇಕು, ಸೊಪ್ಪುಕಾಳು ಬೇಕು. ಈಗ ನಮ್ಮ ಮನೆಯ ಅಡಿಗೆಮನೆಗೆ ಬನ್ನಿ. ಗಂಡಸರು ಉಣ್ಣುತ್ತಾರೆ, ಮಕ್ಕಳು ಉಣ್ಣುತ್ತಾರೆ, ಅತ್ತೆ ಮಾವ ಉಣ್ಣುತ್ತಾರೆ. ಕೊನೆಗೆ ಗಡಿಗೆಯ ತಳದಲ್ಲಿ ಉಳಿದ ಸಾರು, ಒಂದು ರೊಟ್ಟಿ, ಖಾರ, ಅವಳಿಗೆ. ದೇಹ ಅವಳಿಗೆ ಹುಟ್ಟಿನಿಂದ ಕೊಟ್ಟ ಒಂದು ಅನುಕೂಲವನ್ನು ನಾವು ತಾಟಿನಲ್ಲಿ ಕಸಿದುಕೊಳ್ಳುತ್ತಿದ್ದೇವೆ. ಪ್ರಕೃತಿಯ ಭೇದ ಬೇರೆ, ಪಂಕ್ತಿಯ ಭೇದ ಬೇರೆ. ಮೊದಲನೆಯದನ್ನು ನಾವು ಬದಲಿಸಲಾರೆವು, ಎರಡನೆಯದಕ್ಕೆ ಡಾಕ್ಟರೂ ಬೇಡ, ಸರ್ಕಾರವೂ ಬೇಡ. ಅವಳೂ ಜೊತೆಗೆ ಕುಳಿತು ಉಣ್ಣಲಿ, ಬೇಳೆಯ ಗಟ್ಟಿಭಾಗ, ಮೊಟ್ಟೆ, ಸೊಪ್ಪು ಅವಳ ತಾಟಿಗೂ ಬೀಳಲಿ.

ರೂಢಿಯಿಂದ ಬರುವ ಭೇದಕ್ಕೆ ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ ಆಗಿದೆ. ಮುಂಬಯಿಯ ಪ್ರಸಿದ್ಧ ವೈದ್ಯವಿಜ್ಞಾನಿ ಡಾ. ವಿ. ಆರ್. ಖಾನೋಲ್ಕರ್ ಅವರು 1945ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದ ಲೇಖನದಲ್ಲಿ, ಸೊಂಟಕ್ಕೆ ಬಿಗಿಯಾಗಿ ಧೋತರ ಕಟ್ಟುವ ಗಂಡಸರಿಗೆ ಆ ಜಾಗದ ಚರ್ಮ ವರ್ಷಗಟ್ಟಲೆ ಉಜ್ಜಿ ಉಜ್ಜಿ ಕ್ಯಾನ್ಸರಾಗುವುದನ್ನು ವಿವರಿಸಿದರು. ಧೋತರ ಉಡುವುದು ಕಡಿಮೆಯಾಯಿತು. ಸೀರೆಯೊಳಗಿನ ಲಂಗದ ಲಾಡಿ ಅದೇ ಕೆಲಸ ಮುಂದುವರಿಸಿದೆ. ಸೊಂಟದ ಸುತ್ತ ಕಪ್ಪುಗಟ್ಟಿ, ತುರಿಕೆ, ಸಿಪ್ಪೆ, ಆಮೇಲೆ ವಾಸಿಯಾಗದ ಹುಣ್ಣು ಎಂಬ ಕ್ರಮದಲ್ಲಿ ಹೆಂಗಸರಲ್ಲಿ ಇದು ಬಂದದ್ದನ್ನು ಭಾರತದ ವೈದ್ಯರು ದಾಖಲಿಸಿದ್ದಾರೆ. ಇದಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಲಾಡಿಯ ಬದಲು ಅಗಲವಾದ ಪಟ್ಟಿ ಹೊಲಿಸಿಕೊಳ್ಳಿ, ಕಟ್ಟುವ ಜಾಗವನ್ನು ಆಗಾಗ ಮೇಲೆ ಕೆಳಗೆ ಬದಲಿಸಿ, ಅಷ್ಟು ಸಾಕು.

ಬಣ್ಣದ ಮಾತು ಬರುತ್ತದೆ ಎಂದಿದ್ದೆ. ಮದುವೆಗೆ ಬಂದ ಹುಡುಗಿ ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತರುವ ಕೆಲವು ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗಿ, ಬಿಸಿಲು ತಾಗಿದರೆ ಉರಿಯುತ್ತದೆ. ದೇವರು ಕೊಟ್ಟ ಕೊಡೆಯನ್ನು ಹರಿದು ಹಾಕಿ ರಾಯಚೂರಿನ ಬಿಸಿಲಿಗೆ ನಿಲ್ಲಿಸಿದಂತೆ. ತಾಯಂದಿರೇ, ನಿಮ್ಮ ಮಗಳಿಗೆ ಈ ಟ್ಯೂಬು ತರುವ ಬದಲು, ಬಣ್ಣ ಕೇಳುವ ಬೀಗರನ್ನು ಬಾಗಿಲಿನಿಂದಲೇ ಕಳಿಸಿಬಿಡಿ.

ಇದಕ್ಕೆ ವ್ಯತಿರಿಕ್ತವಾಗಿ, ಹುಟ್ಟಿನಿಂದಲೇ ಮೈ, ತಲೆಗೂದಲು, ಕಣ್ಣುರೆಪ್ಪೆ ಎಲ್ಲವೂ ಬೆಳ್ಳಗಿರುವ ಮಕ್ಕಳು ಕೆಲವು ಮನೆಗಳಲ್ಲಿದ್ದಾರೆ. ಆಲ್ಬಿನಿಸಂ ಎಂಬ ಈ ಸ್ಥಿತಿಯಲ್ಲಿ ಮೆಲನಿನ್ ಅತಿ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಇದು ತೊನ್ನಲ್ಲ, ಶಾಪವೂ ಅಲ್ಲ. ಗಂಡು ಹೆಣ್ಣೆಂಬ ಭೇದವಿಲ್ಲದೆ ಇಂಥ ಮಕ್ಕಳಿಗೆ ಬಿಸಿಲಿನ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಬರಬಹುದು. ಇವರನ್ನು ಹೊಲಕ್ಕೆ ಕಳಿಸಬೇಡಿ, ಶಾಲೆಯಲ್ಲಿ ಬಯಲಾಟಕ್ಕೆ ನಿಲ್ಲಿಸಬೇಡಿರೆಂದು ಮಾಸ್ತರರಿಗೆ ಹೇಳಿ. ಟೋಪಿ, ತುಂಬುತೋಳು, ಕಪ್ಪು ಕನ್ನಡಕ ಇವರಿಗೆ ಶೋಕಿಯಲ್ಲ. ಸನ್‌ಸ್ಕ್ರೀನ್ ಮುಲಾಮಿಗೆ ಖರ್ಚು ಮಾಡಬೇಕಾದದ್ದು ಕೂಡ ಇವರಿಗಾಗಿಯೇ. ನಮ್ಮಲ್ಲಿ ಸಂಬಂಧದೊಳಗೆ ಹೆಣ್ಣು ತರುವ ರೂಢಿ ಹೆಚ್ಚು. ಮದುವೆಗೆ ಅನುಮತಿ ಕೇಳಲು ಬರುವ ಮನೆಯವರಿಗೆ ನಾವು ಗುರುಗಳು ಹೇಳುವ ಮಾತಿನಲ್ಲಿ ಇದೂ ಒಂದು, ಇಂಥ ಹುಟ್ಟುಸ್ಥಿತಿಗಳು ಸಂಬಂಧದ ಮದುವೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ.

ಇನ್ನು ಏನನ್ನು ನೋಡಬೇಕು? ನಮ್ಮಂಥ ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಬಿಸಿಲು ಬೀಳುವ ಜಾಗದಲ್ಲಿ ಮಾತ್ರ ಬರುವುದಿಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಿ. ಹಳೆಯ ಸುಟ್ಟಗಾಯದ ಕಲೆ, ವರ್ಷಗಳಿಂದ ಮಾಯದ ಕಾಲಿನ ಹುಣ್ಣು, ಕುಷ್ಠರೋಗ ವಾಸಿಯಾದ ಮೇಲೂ ಅಂಗಾಲಿನಲ್ಲಿ ಉಳಿದ ಗಾಯ, ಇವುಗಳಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಹುಟ್ಟಬಲ್ಲದು. ಒಲೆಯ ಮುಂದೆ ಸೀರೆಗೆ ಬೆಂಕಿ ತಗುಲಿ ಬದುಕುಳಿದ ಹೆಣ್ಣುಮಕ್ಕಳು ಇಪ್ಪತ್ತು ಮೂವತ್ತು ವರ್ಷಗಳ ನಂತರವೂ ಆ ಕಲೆಯನ್ನು ನೋಡಿಕೊಳ್ಳುತ್ತಿರಬೇಕು. ಕಲೆಯ ಮೇಲೆ ಹೊಸದಾಗಿ ಒಡೆದು ಹೂಕೋಸಿನಂತೆ ಬೆಳೆದರೆ, ವಾಸನೆ ಬಂದರೆ, ಮುಟ್ಟಿದರೆ ರಕ್ತ ಒಸರಿದರೆ ತಡಮಾಡಬಾರದು.

ಅಪಾಯಕಾರಿ ಮೆಲನೋಮ ಕಪ್ಪು ಚರ್ಮದವರಿಗೆ ಬರುವುದೇ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ. ಅಲ್ಲಿಗೆ ಬಿಸಿಲು ತಾಗುವುದೇ ಇಲ್ಲ. ಜಮೈಕದ ಜಗತ್ಪ್ರಸಿದ್ಧ ಗಾಯಕ ಬಾಬ್ ಮಾರ್ಲೆಗೆ 1977ರಲ್ಲಿ ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ ಮೆಲನೋಮ ಪತ್ತೆಯಾಯಿತು. 1981ರಲ್ಲಿ, 36ನೇ ವಯಸ್ಸಿನಲ್ಲಿ ಆತ ತೀರಿಕೊಂಡ. ಬರಿಗಾಲಿನಲ್ಲಿ ಓಡಾಡುವ ನಮ್ಮ ಜನ ಅಂಗಾಲಿನ ಕಪ್ಪು ಮಚ್ಚೆಯನ್ನು ಆಣಿ ಎಂದೋ ಮುಳ್ಳು ಚುಚ್ಚಿದ್ದೆಂದೋ ಬ್ಲೇಡಿನಿಂದ ಕೊರೆದುಕೊಳ್ಳುತ್ತಾರೆ. ಅದು ಬೇಡ. ಮಚ್ಚೆ ದೊಡ್ಡದಾಗುತ್ತಿದ್ದರೆ, ಅಂಚು ಸೊಟ್ಟಸೊಟ್ಟಾಗಿದ್ದರೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಕಂಡರೆ, ಉಗುರಿನಲ್ಲಿ ಕಪ್ಪು ಪಟ್ಟೆ ಮೂಡಿ ಅಗಲವಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಮುಖದ ಮೇಲೆ, ಮುಖ್ಯವಾಗಿ ಮೂಗು ಕಣ್ಣುಗಳ ಹತ್ತಿರ, ಮುತ್ತಿನಂತೆ ಹೊಳೆಯುವ ಕಪ್ಪು ಗುಳ್ಳೆಯೊಂದು ನಡುವೆ ಹುಣ್ಣಾಗಿ ತಿಂಗಳಾದರೂ ಮಾಯದಿದ್ದರೆ ಅದನ್ನೂ ತೋರಿಸಿ.

ತಡಮಾಡುವುದರಲ್ಲೂ ಗಂಡು ಹೆಣ್ಣು ಬೇರೆ ಬೇರೆ. ಗಂಡಸು "ಏ ಇಷ್ಟಕ್ಕೆಲ್ಲ ಏನ್ ದವಾಖಾನಿ" ಎಂದು ತಳ್ಳಿಹಾಕುತ್ತಾನೆ. ಹೆಂಗಸು ಹೇಳುವುದೇ ಇಲ್ಲ. ಸೊಂಟದ, ತೊಡೆಯ, ಎದೆಯ ಹುಣ್ಣನ್ನು ಗಂಡುಡಾಕ್ಟರಿಗೆ ತೋರಿಸಲು ನಾಚಿಕೆ, ಕೂಲಿ ಒಂದು ದಿನ ತಪ್ಪುತ್ತದೆಂಬ ಸಂಕಟ, ಬಸ್ಸಿಗೆ ಗಂಡನ ಮುಂದೆ ಕೈಚಾಚಬೇಕೆಂಬ ಹಿಂಜರಿಕೆ. ಆದ್ದರಿಂದ ಗಂಡ ಹೆಂಡತಿ ತಿಂಗಳಿಗೊಮ್ಮೆ, ಭಾನುವಾರ ಎಣ್ಣೆ ಹಚ್ಚಿ ಮೀಯುವ ಮುನ್ನ, ಒಬ್ಬರ ಬೆನ್ನು ಅಂಗಾಲುಗಳನ್ನು ಇನ್ನೊಬ್ಬರು ಬೆಳಕಿನಲ್ಲಿ ನೋಡಿ. ತಮ್ಮ ಬೆನ್ನನ್ನು ತಾವೇ ನೋಡಿಕೊಳ್ಳಲು ಯಾರಿಗೂ ಆಗದು. ಒಂಟಿಯಾಗಿರುವ ಅಜ್ಜ ಅಜ್ಜಿಯರ ಕಾಲುಗಳನ್ನು ಮೊಮ್ಮಕ್ಕಳು ನೋಡಲಿ.

ಚಾಕು ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ನಂಬಿಕೆಯಿಂದ ಬಯಾಪ್ಸಿಗೆ ಒಪ್ಪದೆ ನಾಟಿ ಲೇಪ ಹಚ್ಚಿಸುತ್ತಾ ಕೂರುವವರಿದ್ದಾರೆ. ಸಣ್ಣ ಚೂರು ತೆಗೆದು ಪರೀಕ್ಷಿಸದೆ ಇದು ಯಾವ ಹುಣ್ಣೆಂದು ಖಚಿತವಾಗಿ ಹೇಳಲು ಬಾರದು. ಬೇಗ ಸಿಕ್ಕ ಬೇಸಲ್ ಸೆಲ್, ಸ್ಕ್ವಾಮಸ್ ಸೆಲ್ ಕ್ಯಾನ್ಸರುಗಳು ಹೆಚ್ಚಿನವರಲ್ಲಿ ಒಂದು ಶಸ್ತ್ರಚಿಕಿತ್ಸೆಯಲ್ಲೇ ಗುಣವಾಗುತ್ತವೆ. ನಮ್ಮವರಿಗೆ ಹತ್ತಿರದ್ದು ರಾಯಚೂರಿನ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಲ್ಲಿನ ಚರ್ಮರೋಗ ವಿಭಾಗ. ಕ್ಯಾನ್ಸರ್ ಎಂದು ಗೊತ್ತಾದರೆ ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕೇಂದ್ರಕ್ಕೋ ಬೆಂಗಳೂರಿನ ಕಿದ್ವಾಯಿಗೋ ಕಳಿಸುತ್ತಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವುಂಟು. ಹೋಗುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡು ಮರೆಯಬೇಡಿ.

ಬಿಸಿಲನ್ನು ಶತ್ರುವೆಂದು ತಿಳಿಯಬೇಕಾಗಿಲ್ಲ, ಎಲುಬಿಗೆ ಬೇಕಾದ ಡಿ ಜೀವಸತ್ವ ಅದರಿಂದಲೇ ಬರುತ್ತದೆ. ಹೊತ್ತು ನೋಡಿ ದುಡಿಯಬೇಕು, ಅಷ್ಟೆ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಹಲವು ವರ್ಷಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸಿದ್ದಾರೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಕ್ಕ ಈ ರಿಯಾಯಿತಿ ಹೊಲದಲ್ಲಿ ನಿಂತವರಿಗೆ ಸಿಕ್ಕಿಲ್ಲ. ಹೊಲದ ಮಾಲೀಕರು ನಮ್ಮ ನಿಮ್ಮವರೇ ಆಗಿರುತ್ತಾರೆ. ಬೆಳಿಗ್ಗೆ 6ಕ್ಕೆ ಕೆಲಸ ಶುರುಮಾಡಿ 11ಕ್ಕೆ ಬಿಟ್ಟು, ಬೇಕಾದರೆ ಮೂರೂವರೆಯ ಮೇಲೆ ಮತ್ತೆ ಕರೆಯಿರಿ. ಕೂಲಿ ಕಡಿಯಬೇಡಿ. ಬದುವಿನ ಮೇಲೆ ಒಂದು ಬೇವಿನ ಮರವನ್ನಾದರೂ ಉಳಿಸಿ.

ನೀರಿನ ವಿಷಯ ಕೊನೆಗೆ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೆ. ನಿಮ್ಮ ಓಣಿಯವರೆಲ್ಲ ಕುಡಿಯುವುದು ಬೋರ್‌ವೆಲ್ ನೀರಾಗಿದ್ದರೆ, ಅದರಲ್ಲೂ ಹಟ್ಟಿ, ಮಸ್ಕಿ ಸುತ್ತಲಿನ ಹಳ್ಳಿ ತಾಂಡಾಗಳಲ್ಲಿ, ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಆರ್ಸೆನಿಕ್ ಪರೀಕ್ಷೆ ಆಗಬೇಕೆಂದು ಹೆಸರು ಹಿಡಿದೇ ಬರೆಯಿರಿ, ಏಕೆಂದರೆ 'ನೀರು ಪರೀಕ್ಷಿಸಿ' ಎಂದಷ್ಟೇ ಬರೆದರೆ ಫ್ಲೋರೈಡು, ಉಪ್ಪು, ಗಡಸುತನ ನೋಡಿ ಬಿಟ್ಟುಬಿಡಬಹುದು. ಅರ್ಜಿಯ ಒಂದು ನಕಲನ್ನು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ. ಸಹಿ ಮಾಡುವಾಗ ಮನೆಯ ಗಂಡಸರ ಹೆಸರಷ್ಟೇ ಬೇಡ, ಆ ನೀರನ್ನು ದಿನವೂ ಹೊತ್ತು ತರುವ ಹೆಣ್ಣುಮಕ್ಕಳ ಸಹಿಯೂ ಇರಲಿ.